ಉರಿಯುವ ಮನೆಯ ಗಳ ಹಿರಿಯಬೇಡಿ



ಹೆಬ್ಬಾಳ, ನಾಗವಾರದ ಟೆಕ್ ಪಾರ್ಕುಗಳಲ್ಲಿ ಹಗಲೆಲ್ಲ ದುಡಿದು, ಯಲಹಂಕ, ಆರ್.ಟಿ. ನಗರದ ಬಾಡಿಗೆ ಕೋಣೆಗಳಲ್ಲಿ ರಾತ್ರಿ ಕೂತು ಸ್ವಂತದ್ದೇನಾದರೂ ಮಾಡಬೇಕೆಂದು ಹಂಬಲಿಸುವವರು ನೀವು. ಆ ಹಂಬಲ ಒಳ್ಳೆಯದು. ಅದು ಕೆಡಬಾರದೆಂದೇ ಈ ಮಾತು ಹೇಳುತ್ತಿದ್ದೇನೆ. ವಿಮಾನ ಬಿದ್ದ ಸುದ್ದಿ ಬಂದಾಗ, ಎಲ್ಲೋ ಬಾಂಬು ಸಿಡಿದಾಗ, ನಾಡು ಪ್ರೀತಿಸಿದವರೊಬ್ಬರು ಹಠಾತ್ತನೆ ಇಲ್ಲವಾದಾಗ, ಆ ಹೆಸರಿನ ಡೊಮೈನ್ ಖಾಲಿ ಇದೆಯೇ ಎಂದು ಹುಡುಕಲು ಹೋಗಬೇಡಿ.

ಇದು ಎಷ್ಟು ಸುಲಭವೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಡಾಟ್ ಕಾಮ್ ಆಗಲಿ, ಡಾಟ್ ಇನ್ ಆಗಲಿ, ಮೊದಲು ಬಂದವರಿಗೆ ಹೆಸರು. ವರ್ಷಕ್ಕೆ ಸಣ್ಣದೊಂದು ಮೊತ್ತ ಕಟ್ಟಿದರೆ ಸಾಕು, ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ಆಮೇಲೆ ಅದರಲ್ಲಿ ಜಾಹೀರಾತು ಹಾಕಿ ಬಿಡಬಹುದು, ಹೆಚ್ಚಿನ ಬೆಲೆಗೆ ಮಾರಲು ಕಾಯಬಹುದು, ಇಲ್ಲವೇ ದೇಣಿಗೆಯ ಪುಟವೊಂದನ್ನು ತೆರೆಯಬಹುದು. ಮೊದಲನೆಯದರಲ್ಲಿ ಸುದ್ದಿ ತಿಳಿಯಲು ಕಾತರದಿಂದ ಬಂದವರ ಒಂದೊಂದು ಕ್ಲಿಕ್ಕಿಗೂ ಕಾಸು. ಎರಡನೆಯದರಲ್ಲಿ ಹೆಸರಿನ ನಿಜವಾದ ಹಕ್ಕುದಾರರಿಂದಲೇ ವಸೂಲಿ. ಮೂರನೆಯದರಲ್ಲಿ, ನೊಂದವರಿಗೆಂದು ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ಕೇಳುವವರೇ ಇಲ್ಲ.

ಇವೆಲ್ಲ ನಡೆದಿರುವ ಸಂಗತಿಗಳೇ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ, ಅದರ ಹೆಸರಿಗೆ ನೆರವು, ದೇಣಿಗೆ ಎಂಬ ಪದ ಅಂಟಿಸಿದ ಡೊಮೈನ್‌ಗಳನ್ನು ಹಿಡಿದಿಟ್ಟುಕೊಂಡವನ ಮೇಲೆ ಫ್ಲಾರಿಡಾ ರಾಜ್ಯವೇ ಮೊಕದ್ದಮೆ ಹೂಡಬೇಕಾಯಿತು. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬು ಸಿಡಿದ ಕೆಲವೇ ಗಂಟೆಗಳಲ್ಲಿ ಆ ಘಟನೆಯ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಡೊಮೈನ್‌ಗಳು ನೋಂದಣಿಯಾದವು. ನಮ್ಮಲ್ಲಿ 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಶುರುವಾದದ್ದೇ ತಡ, ಅದರ ಯುಪಿಐ ವಿಳಾಸದಲ್ಲಿ ಒಂದೇ ಒಂದು ಅಕ್ಷರ ಕಡಿಮೆ ಮಾಡಿದ ನಕಲಿ ವಿಳಾಸ ಹುಟ್ಟಿಕೊಂಡಿತು. ದೆಹಲಿ ಪೊಲೀಸರ ಕಣ್ಣಿಗೆ ಬಿದ್ದ ಮೇಲೆ ಅದನ್ನು ಮುಚ್ಚಿಸಿದರು.

ನಮ್ಮ ಯಲಹಂಕದ ವಿಷಯಕ್ಕೇ ಬರುತ್ತೇನೆ. ಯಲಹಂಕ ಉಪನಗರದ ಜೋಡಿ ರಸ್ತೆಯಲ್ಲಿ ನೀವು ದಿನವೂ ಓಡಾಡುತ್ತೀರಿ. ಅದಕ್ಕೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿದೆ. 2008ರ ನವೆಂಬರ್ 28ರಂದು ಮುಂಬೈನ ತಾಜ್ ಹೋಟೆಲಿನಲ್ಲಿ ಉಗ್ರರೊಡನೆ ಹೋರಾಡುತ್ತ ಅವರು ಪ್ರಾಣ ಬಿಟ್ಟಾಗ ವಯಸ್ಸು 31. ತಂದೆ ತಾಯಿಯ ಮನೆ ಯಲಹಂಕದಲ್ಲಿತ್ತು. ಹೆಬ್ಬಾಳದ ಚಿತಾಗಾರದಲ್ಲಿ ಅಂತ್ಯಸಂಸ್ಕಾರ ನಡೆದ ದಿನ ರಸ್ತೆಯುದ್ದಕ್ಕೂ ಜನ ನಿಂತಿದ್ದರು. ಆ ಕುಟುಂಬವನ್ನು ಎಂದೂ ನೋಡಿರದವರೂ ಅತ್ತರು.

ಅದೇ ದಿನಗಳಲ್ಲಿ ಮುಂಬೈನ ಚಿತ್ರ ನಿರ್ಮಾಪಕರ ಸಂಘದಲ್ಲಿ ಸಿನಿಮಾ ಶೀರ್ಷಿಕೆಗಳಿಗಾಗಿ ನೂಕುನುಗ್ಗಲು. 'ಆಪರೇಷನ್ ತಾಜ್', '26/11' ಎಂಬಂಥ ಹೆಸರುಗಳನ್ನು ತಮಗೇ ಇರಲೆಂದು ನಿರ್ಮಾಪಕರು ಮುಂಗಡವಾಗಿ ಬರೆಸಿಟ್ಟರು. ಹೋಟೆಲಿನ ಗೋಡೆಯ ಮಸಿ ಇನ್ನೂ ತೊಳೆದಿರಲಿಲ್ಲ. ಸತ್ತವರ ಮನೆಗಳಲ್ಲಿ ತಿಥಿಯೂ ಆಗಿರಲಿಲ್ಲ. ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ಸುಟ್ಟ ತಾಜ್ ನೋಡಲು ಹೋದಾಗ ಸಿನಿಮಾ ನಿರ್ದೇಶಕರೊಬ್ಬರೂ ಜತೆಗಿದ್ದದ್ದನ್ನು ಕಂಡು ದೇಶ ಸಿಡಿದೆದ್ದಿತು. ಕೆಲವೇ ದಿನಗಳಲ್ಲಿ ಅವರು ಅಧಿಕಾರ ಬಿಡಬೇಕಾಯಿತು.

ಈಗ ಇನ್ನೊಂದು ದಾರಿಯನ್ನೂ ನೋಡಿ. ಮೇಜರ್ ಸಂದೀಪ್ ಅವರ ಬದುಕನ್ನು ಕುರಿತ 'ಮೇಜರ್' ಸಿನಿಮಾ ತೆರೆಗೆ ಬಂದದ್ದು 2022ರ ಜೂನ್ 3ರಂದು, ಅವರು ತೀರಿಕೊಂಡು ಹದಿಮೂರು ವರ್ಷ ಕಳೆದ ಮೇಲೆ. ಅದನ್ನು ಮಾಡಿದವರು ಮೊದಲು ತಂದೆ ತಾಯಿಯ ಬಳಿ ಹೋಗಿ ಒಪ್ಪಿಗೆ ಪಡೆದರು. ಅಲ್ಲಿಯೂ ಹಣವಿತ್ತು, ವ್ಯಾಪಾರವಿತ್ತು. ಆದರೆ ಆ ಹೆಸರು ಯಾರದೋ ಅವರನ್ನು ಕೇಳಿ ಮುಂದುವರಿದ ಕೆಲಸ ಅದು. ದುಡ್ಡು ಮಾಡುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಕೇಳಿ ಪಡೆಯುವುದಕ್ಕೂ ಅಳುವವರ ಬೆನ್ನ ಹಿಂದೆ ಬರೆಸಿಕೊಳ್ಳುವುದಕ್ಕೂ ಇರುವ ಅಂತರವನ್ನು ಮಾತ್ರ ಹೇಳುತ್ತಿದ್ದೇನೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು ಕೊಂದ 26 ಮಂದಿಯಲ್ಲಿ ಕನ್ನಡಿಗರೂ ಇದ್ದರು. ಮೇ 7ರಂದು ಸೇನೆ 'ಆಪರೇಷನ್ ಸಿಂಧೂರ' ನಡೆಸಿತು. ಗಂಡಂದಿರನ್ನು ಕಳೆದುಕೊಂಡ ಹೆಣ್ಣುಮಕ್ಕಳನ್ನು ನೆನೆದು ಇಟ್ಟ ಹೆಸರದು. ಅದೇ ದಿನ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹಲವರು ಅರ್ಜಿ ಹಾಕಿದರು, ರಿಲಯನ್ಸ್‌ನ ಜಿಯೋ ಸ್ಟುಡಿಯೋಸ್ ಕೂಡ. ಜನ ಛೀಮಾರಿ ಹಾಕಿದ ಮೇಲೆ ಮರುದಿನವೇ ಅದು ಅರ್ಜಿ ಹಿಂಪಡೆದು, ಕಿರಿಯ ಉದ್ಯೋಗಿಯೊಬ್ಬರು ಅನುಮತಿಯಿಲ್ಲದೆ ಹಾಕಿದ್ದೆಂದು ವಿವರಣೆ ಕೊಟ್ಟಿತು. ಆ ಕಿರಿಯ ಉದ್ಯೋಗಿಯ ಜಾಗದಲ್ಲಿ ನಾಳೆ ನಿಮ್ಮಲ್ಲಿ ಯಾರಾದರೂ ಇರಬಹುದು. ಹೆಸರು ಹಿಡಿದಿಡು ಎಂದು ಮೇಲಿನವರು ಹೇಳಿದರೂ, ಇದು ಬೇಡ ಸಾರ್ ಎನ್ನುವ ಧೈರ್ಯವನ್ನು ಇಂದೇ ಬೆಳೆಸಿಕೊಳ್ಳಿ.

ಕಾನೂನು ಅಡ್ಡಿ ಮಾಡುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಸತ್ತವರ ಹೆಸರಿನಲ್ಲಿ ವೇಷ ಹಾಕಿ ದೇಣಿಗೆ ಎತ್ತಿದರೆ ಖಂಡಿತ ಅಡ್ಡಿ ಮಾಡುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ನಿನಲ್ಲಿ 3 ವರ್ಷದವರೆಗೆ ಜೈಲುಶಿಕ್ಷೆಯಿದೆ. ಆದರೆ ಸುಮ್ಮನೆ ಹೆಸರು ಹಿಡಿದಿಟ್ಟುಕೊಂಡು ಕೂತವನಿಂದ ಅದನ್ನು ಬಿಡಿಸುವುದು ಬಲು ಕಷ್ಟ. ತಮ್ಮದೇ ಹೆಸರಿನ ಡೊಮೈನ್ ಬಿಡಿಸಿಕೊಳ್ಳಲು ಅರುಣ್ ಜೇಟ್ಲಿಯವರಂಥ ಹಿರಿಯ ವಕೀಲರೇ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2011ರಲ್ಲಿ ತೀರ್ಪು ಅವರ ಪರವಾಗಿ ಬಂತು. ಟ್ರೇಡ್‌ಮಾರ್ಕ್ ಇರುವ ಕಂಪನಿಗೆ ವಕೀಲರ ಪಡೆಯೇ ಇರುತ್ತದೆ. ಮಗನನ್ನು ಕಳೆದುಕೊಂಡ ತಾಯಿಗೆ ಯಾರಿದ್ದಾರೆ? ಕಾನೂನು ತಲುಪದ ಆ ಜಾಗದಲ್ಲಿಯೇ ನಿಮ್ಮ ನಡತೆಗೆ ಬೆಲೆ.

2024ರ ಜೂನ್‌ನಲ್ಲಿ ಬೆಂಗಳೂರಿನ ಕೊಲೆ ಪ್ರಕರಣವೊಂದು ಎಲ್ಲರ ಬಾಯಲ್ಲಿದ್ದಾಗ, ಅದಕ್ಕೆ ಸಂಬಂಧಿಸಿದ ಶೀರ್ಷಿಕೆಗಳನ್ನು ಕೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಅರ್ಜಿಗಳು ಬಂದವು. ಮಂಡಳಿ ಕೊಡಲಿಲ್ಲ. ಅಲ್ಲಿ 'ಇಲ್ಲ' ಎನ್ನಲು ಮನುಷ್ಯರಿದ್ದರು. ಡೊಮೈನ್ ಮಾರುವ ಕಂಪನಿಗಳು ಹಾಗೆ ತಡೆಯುವುದು ಅಪರೂಪ. ಕೋವಿಡ್ ಹೆಸರಿನ ಡೊಮೈನ್‌ಗಳನ್ನು 2020ರಲ್ಲಿ ನೇಮ್‌ಚೀಪ್ ಎಂಬ ಕಂಪನಿ ತಡೆದದ್ದುಂಟು. ಉಳಿದಂತೆ ಕಾರ್ಡಿನಲ್ಲಿ ಹಣವಿದ್ದರೆ ಹೆಸರು ನಿಮ್ಮದಾಗುತ್ತದೆ. ಆದ್ದರಿಂದ ಆ 'ಇಲ್ಲ' ನಿಮ್ಮ ಬಾಯಿಂದಲೇ ಬರಬೇಕು.

ಕೆಟ್ಟವರ ಕೈಗೆ ಹೋಗದಿರಲೆಂದು ನಾವೇ ತೆಗೆದುಕೊಂಡರೆ ತಪ್ಪೇ? ತಪ್ಪಲ್ಲ. ಬಾಸ್ಟನ್ ಘಟನೆಯಲ್ಲಿ ಒಬ್ಬರು, ಕಟ್ಟುಕತೆ ಹಬ್ಬಿಸುವವರಿಗೆ ಸಿಗಬಾರದೆಂದೇ ಒಂದು ಹೆಸರನ್ನು ಕೊಂಡು, ಹಾಗೆಂದು ಆ ಪುಟದಲ್ಲಿಯೇ ಬರೆದಿಟ್ಟರು. ನೀವು ಹಾಗೆ ಮಾಡುವುದಾದರೆ ಯಾಕೆ ಕೊಂಡಿರಿ ಎಂದು ಪುಟದಲ್ಲಿ ಬರೆಯಿರಿ. ಜಾಹೀರಾತು, ಕ್ಯೂಆರ್ ಕೋಡ್ ಎರಡೂ ಬೇಡ. ಮನೆಯವರೋ ಸರ್ಕಾರವೋ ಕೇಳಿದ ದಿನ ಬಿಡಿಗಾಸೂ ಪಡೆಯದೆ ಬಿಟ್ಟುಕೊಡಿ. ಮೂರರಲ್ಲಿ ಒಂದಕ್ಕೆ ಮನಸ್ಸು ಹಿಂಜರಿದರೂ ನೀವು ಕಾಯುತ್ತಿರುವುದು ಹೆಸರನ್ನಲ್ಲ, ಲಾಭವನ್ನು ಎಂದು ತಿಳಿಯಿರಿ.

ನಿಜವಾಗಿ ನೆರವಾಗಬೇಕೆಂದಿದ್ದರೆ ನಿಮ್ಮ ವಿದ್ಯೆಗೆ ಬೇಕಾದಷ್ಟು ಕೆಲಸವಿದೆ. ಅಧಿಕೃತ ಸಹಾಯವಾಣಿಯ ಸಂಖ್ಯೆಯನ್ನು ಕನ್ನಡದಲ್ಲಿ ಜನರಿಗೆ ತಲುಪಿಸಿ. ನಕಲಿ ದೇಣಿಗೆ ಪುಟ ಕಂಡರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ. ನೆನಪಿಗೆಂದು ಮನೆಯವರು ತಾಣವೊಂದನ್ನು ಬಯಸಿದರೆ ಅದನ್ನು ಅವರ ಹೆಸರಿನಲ್ಲಿಯೇ ನೋಂದಾಯಿಸಿಕೊಡಿ. ವರ್ಷ ವರ್ಷ ನವೀಕರಿಸುವುದನ್ನು ಹೇಳಿಕೊಡಿ. ಅವಧಿ ಮೀರಿದ ಹೆಸರನ್ನು ಹಿಡಿದು ಜೂಜಿನ ಪುಟ ಮಾಡುವವರು ಕಾದೇ ಇರುತ್ತಾರೆ. ಇನ್ನೊಂದು ಬಗೆಯ ನೋಂದಣಿಯೂ ಇದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಯಶವಂತಪುರಕ್ಕೆ ಹತ್ತಿರದ ಕಂಠೀರವ ಸ್ಟುಡಿಯೋದಲ್ಲಿ ಅವರ ಸಮಾಧಿಯಾದ ಮೇಲೆ, ರಾಜ್ಯದ ಮೂಲೆಮೂಲೆಯಲ್ಲಿ ಸಾಮಾನ್ಯ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಸಾವಿನ ಸುದ್ದಿ ಕೇಳಿ ನೋಂದಾಯಿಸುವುದಾದರೆ ಹಾಗೆ ನೋಂದಾಯಿಸಿ.

ಮಕ್ಕಳೇ, ಹೊಸ ಹೆಸರು ಕಟ್ಟುವ ಶಕ್ತಿ ನಿಮಗಿದೆ. ನಿಮ್ಮ ಕೆಲಸದಿಂದ ಬೆಳೆದ ಹೆಸರು ಎಷ್ಟು ಬೆಲೆಗೆ ಹೋದರೂ ಹೆಮ್ಮೆಪಡಿ. ಇನ್ನೊಬ್ಬರ ಮನೆಯ ಸಾವಿನಿಂದ ಬೆಲೆ ಬಂದ ಹೆಸರು, ರಸೀದಿ ನಿಮ್ಮ ಬಳಿ ಇದ್ದರೂ ನಿಮ್ಮದಲ್ಲ. ಅದನ್ನು ಮುಟ್ಟಬೇಡಿ. ಈಗಾಗಲೇ ಮುಟ್ಟಿದ್ದರೆ, ಯಾರಿಗೆ ಸೇರಬೇಕೋ ಅವರಿಗೆ ಇವತ್ತೇ ಒಪ್ಪಿಸಿ.