ಎರಡೂ ಕಡೆ ತೋರಿಸು

ಪುಟ್ಟೀ, ಫೋನಿನಲ್ಲಿ ನೀನು ಅಳುತ್ತಿದ್ದೆ, ನಾನು ಸಮಾಧಾನ ಹೇಳುತ್ತಿದ್ದೆ. ಕೆಲಸಕ್ಕೆ ಬರುವ ಮಾತು ಒಂದೂ ಆಗಲಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಮರೆತುಹೋಗುತ್ತದೆ ಅಂತ ಹೆದರಿದವಳಿಗೆ ಬರೆದುಕೊಟ್ಟದ್ದೇ ಮೇಲು, ಬೇಕಾದಾಗ ತೆಗೆದು ಓದಿಕೊಳ್ಳಬಹುದು.

ನಿನ್ನ ಗಂಡ “ಎಲ್ಲ ಟೆನ್ಷನ್ ಕಣೇ, ಬೇರೇನಿಲ್ಲ” ಅಂದನಂತೆ. ನಿಮ್ಮತ್ತೆ “ಮೈಯಲ್ಲಿ ರಕ್ತ ಇಲ್ಲ, ಬೀಟ್‌ರೂಟ್ ತಿನ್ನು” ಅಂದರಂತೆ. ನೀನಂತೂ ರಾತ್ರಿಯೆಲ್ಲ ಮೊಬೈಲ್ ನೋಡಿ ನೋಡಿ ನಲವತ್ತಮೂರಕ್ಕೇ ಅಲ್ಜೈಮರ್ಸ್ ಅಂತ ತೀರ್ಮಾನ ಮಾಡಿಬಿಟ್ಟಿದ್ದೀಯ. ಮೂರು ಜನರೂ ಪರೀಕ್ಷೆಗೆ ಮೊದಲೇ ಫಲಿತಾಂಶ ಹಚ್ಚಿದ್ದೀರಿ, ನಿನ್ನಂಥ ಸ್ಕೂಲ್ ಮೇಡಂ ಇರುವ ಮನೆಯಲ್ಲೇ! ಲ್ಯಾಬಿನಲ್ಲಿ ರಕ್ತ ತೆಗೆದುಕೊಂಡೇ ರಿಟೈರ್ ಆದ ನಿನ್ನ ದೊಡ್ಡಮ್ಮ ಹೇಳುವುದು ಇಷ್ಟೇ: ಮನಸ್ಸಿನದೋ ಮೈಯದೋ ಅಂತ ಪಂಚಾಯಿತಿ ಮಾಡುತ್ತ ಕೂರಬೇಡ. ಎರಡೂ ಕಡೆ ತೋರಿಸು. ಒಂದು ಕಡೆ ಏನೋ ಸಿಕ್ಕಿತು ಅಂತ ಇನ್ನೊಂದನ್ನು ಕೈಬಿಡಬೇಡ.

ಮೊದಲು ಅಜ್ಜಿಯ ವಿಷಯ ಮುಗಿಸಿಬಿಡೋಣ, ನಿನ್ನ ಹೆದರಿಕೆಯ ಬೇರು ಇರುವುದೇ ಅಲ್ಲಿ. ಅಜ್ಜಿಗೆ ಆ ಕಾಯಿಲೆ ಶುರುವಾದದ್ದು ಎಪ್ಪತ್ತೈದು ದಾಟಿದ ಮೇಲೆ. ತನಗೆ ಮರೆವು ಅಂತ ಅವಳು ಒಂದು ದಿನವೂ ಹೇಳಿಕೊಳ್ಳಲಿಲ್ಲ, ಹೇಳಿದವರು ನಾವು. ತಿಂಡಿ ತಿಂದು ಕೈ ತೊಳೆದು ಬಂದು “ಇವತ್ತು ತಿಂಡಿ ಇಲ್ವೇನ್ರೇ” ಅನ್ನೋಳು. ಎಲೆಯಡಿಕೆ ಡಬ್ಬಿಯನ್ನು ತಾನೇ ಅಕ್ಕಿಯೊಳಗೆ ಹುದುಗಿಸಿಟ್ಟು ಕೆಲಸದವಳ ಮೇಲೆ ಕಳ್ಳತನ ಹೊರಿಸೋಳು. “ನೀನೇ ಇಟ್ಟಿದ್ದಲ್ವೇನಮ್ಮ” ಅಂತ ತೆಗೆದು ತೋರಿಸಿದರೂ ನೆನಪಾಗುತ್ತಿರಲಿಲ್ಲ. ನೀನು ಹೇಳಿದ್ದು ನೋಡು: ಎಂಟನೇ ಕ್ಲಾಸಿನ ಹುಡುಗನೊಬ್ಬನ ಹೆಸರು ಬಾಯಿಗೆ ಬರಲಿಲ್ಲ. ಆಗ ಯಾವ ಪೀರಿಯಡ್ಡು, ಅವನು ಯಾವ ಬೆಂಚಿನಲ್ಲಿದ್ದ, ಯಾರು ನಕ್ಕರು, ಸಂಜೆ ಬಸ್ಸಿನಲ್ಲಿ ಆ ಹೆಸರು ಹೇಗೆ ತಾನಾಗಿ ಹೊಳೆಯಿತು ಅನ್ನುವುದನ್ನೆಲ್ಲ ಹತ್ತು ನಿಮಿಷ ವಿವರಿಸಿದೆ. ಮರೆತದ್ದರ ಇಷ್ಟು ಉದ್ದದ ವರದಿಯನ್ನು ಅಜ್ಜಿ ಯಾವತ್ತೂ ಕೊಟ್ಟಿರಲಿಲ್ಲ ತಾಯಿ.

ಇದರಿಂದಲೇ ರೋಗ ಇದೆ, ಇಲ್ಲ ಅಂತ ಹೇಳಲು ಬರುವುದಿಲ್ಲ. ಅದು ಡಾಕ್ಟರ ಕೆಲಸ. ಆದರೆ ವಯಸ್ಸಾದ ಮೇಲೆ ಅಜ್ಜಿಗೋ ಅಮ್ಮನಿಗೋ ಬಂದ ಅಲ್ಜೈಮರ್ಸ್ ಮೊಮ್ಮಗಳಿಗೆ ಬಂದೇ ತೀರಬೇಕು ಅನ್ನುವ ಲೆಕ್ಕ ಇಲ್ಲ. ಸಂಭವ ತುಸು ಹೆಚ್ಚಬಹುದು, ಅಷ್ಟೇ. ಮನೆತನದಲ್ಲಿ ನೇರವಾಗಿ ಇಳಿದು ನಲವತ್ತು ಐವತ್ತಕ್ಕೇ ಕಾಣಿಸಿಕೊಳ್ಳುವ ಬಗೆ ಬೇರೆ, ಅದು ತೀರಾ ಅಪರೂಪ.

ಇನ್ನು ಮನಸ್ಸಿನ ಮಾತು. ನಿಮ್ಮಪ್ಪ ಹೋದಾಗಿನಿಂದ ನೀನು ನೀನಾಗಿಲ್ಲ. ರಂಗೋಲಿ ಹಾಕುವುದಕ್ಕೂ ಬೇಜಾರು, ರಾತ್ರಿ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ, ಊಟದ ರುಚಿ ಇಲ್ಲ. ಇವನ್ನೆಲ್ಲ ನೀನು ಮಾತಿನ ನಡುವೆ ಹಾಗೇ ತೇಲಿಸಿ ಹೇಳಿದೆ. ಮರೆವನ್ನು ಮಾತ್ರ ರೋಗ ಅಂತ ಹೇಳಿದೆ. ಖಿನ್ನತೆ ಅಳೆಯಲು ಆಸ್ಪತ್ರೆಗಳಲ್ಲಿ ಪಿಎಚ್‌ಕ್ಯೂ-9 ಅಂತ ಒಂದು ಪ್ರಶ್ನಾವಳಿ ಇದೆ. ಹಿಂದಿನ ಎರಡು ವಾರ ಹೇಗಿದ್ದಿರಿ ಅಂತ ಕೇಳುವ ಒಂಬತ್ತು ಪ್ರಶ್ನೆ. ಅದರಲ್ಲಿ ಒಂದು, ಪೇಪರ್ ಓದುವಾಗ, ಟಿವಿ ನೋಡುವಾಗ ಮನಸ್ಸು ನಿಲ್ಲುತ್ತದೆಯೇ ಅನ್ನುವುದು. ಅಂದರೆ ಮನಸ್ಸು ನಿಲ್ಲದಿರುವುದು, ಅದರಿಂದಾಗುವ ಮರೆವು, ಇವೆಲ್ಲ ಖಿನ್ನತೆಯದೇ ಲಕ್ಷಣವಾಗಿರಬಹುದು. 1961ರಷ್ಟು ಹಿಂದೆಯೇ ಕಿಲೋ ಅನ್ನುವ ಮನೋವೈದ್ಯರು, ಡಿಮೆನ್ಶಿಯಾ ಅಂತಲೇ ಕಂಡು ಕೊನೆಗೆ ಖಿನ್ನತೆ ಎಂದು ಗೊತ್ತಾದ ರೋಗಿಗಳ ಬಗ್ಗೆ ಬರೆದಿದ್ದಾರೆ. ಹಾಗಂತ ಅವರ ಮರೆವು ನಾಟಕವಲ್ಲ. ನಿನ್ನದೂ ಅಲ್ಲ. “ಸುಮ್ಮನೆ ಯೋಚನೆ ಮಾಡ್ತೀಯ” ಅಂತ ನಿನ್ನ ಗಂಡ ಇನ್ನೊಮ್ಮೆ ಅಂದರೆ ಈ ಸಾಲನ್ನು ಅವನಿಗೆ ಓದಿಸು.

ಆತಂಕದ ಆಟ ಇನ್ನೊಂದು ಥರ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಬಸ್‌ಸ್ಟಾಂಡಿನಿಂದ ವಾಪಸು ಬರುತ್ತೀಯಲ್ಲ, ಪ್ರತಿ ಸಲವೂ ಆಫ್ ಆಗಿಯೇ ಇರುತ್ತದೆ. ಕೈ ತನ್ನ ಕೆಲಸ ಮಾಡಿ ಮುಗಿಸಿದೆ; ಆ ಹೊತ್ತಿಗೆ ಮನಸ್ಸು ಇನ್‌ಸ್ಪೆಕ್ಷನ್ನು, ಮಗನ ಫೀಸು ಅಂತ ಇನ್ನೆಲ್ಲೋ ಇತ್ತು. ಒಳಗೆ ದಾಖಲೇ ಆಗದ್ದು ನೆನಪಿಗೆ ಬಾ ಅಂದರೆ ಎಲ್ಲಿಂದ ಬರಬೇಕು? ಇದಕ್ಕೆ ಮತ್ತೆ ಮತ್ತೆ ಹೋಗಿ ನೋಡುವುದು ಮದ್ದಲ್ಲ. 2003ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಕಂಪ್ಯೂಟರ್ ಪರದೆಯ ಮೇಲೆ ಗ್ಯಾಸ್ ಒಲೆ ಇಟ್ಟು ಇದನ್ನೇ ಪರೀಕ್ಷಿಸಿದರು. ಪದೇ ಪದೇ ಅದೇ ಒಲೆಯನ್ನು ನೋಡಿ ಬಂದವರ ನೆನಪು ತಪ್ಪಾಗಿರಲಿಲ್ಲ, ಸರಿಯಾಗಿಯೇ ಇತ್ತು. ಕಡಿಮೆಯಾದದ್ದು ಆ ನೆನಪಿನ ಸ್ಪಷ್ಟತೆ, ಅದರ ಮೇಲಿನ ನಂಬಿಕೆ. ಹಾಗಾಗಿ ಒಂದೇ ಸಲ, ನಾಬ್ ಮೇಲೆ ಬೆರಳಿಟ್ಟು, “ಗ್ಯಾಸ್ ಆಫ್ ಮಾಡಿದೆ” ಅಂತ ಬಾಯಿಬಿಟ್ಟು ಹೇಳಿ ಹೊರಡು. ನಿಮ್ಮತ್ತೆ ನಗಲಿ.

ಈಗ ನನ್ನ ಇಲಾಖೆಗೆ ಬರೋಣ. ಇಲ್ಲಿ ನಾಲ್ಕು ಮಾತು ಹೆಚ್ಚಾದರೆ ಸಹಿಸಿಕೋ.

ಮರೆವು, ಸುಸ್ತು, ಬೇಜಾರು ಮೂರೂ ಒಟ್ಟಿಗೆ ಇವೆ ಅಂದರೆ ಡಾಕ್ಟರು ಸಾಮಾನ್ಯವಾಗಿ ಬರೆದುಕೊಡುವುದು ಸಿಬಿಸಿ, ಥೈರಾಯ್ಡಿನ ಟಿಎಸ್‌ಎಚ್, ವಿಟಮಿನ್ ಬಿ12, ಶುಗರ್, ಕೆಲವೊಮ್ಮೆ ಫೆರಿಟಿನ್, ಸೋಡಿಯಂ, ಕ್ಯಾಲ್ಸಿಯಂ. ಕೆನ್ನೇರಳೆ ಮುಚ್ಚಳದ ಟ್ಯೂಬು ಸಿಬಿಸಿಗೆ, ಹಳದಿಯದೋ ಕೆಂಪಿನದೋ ಥೈರಾಯ್ಡು, ಬಿ12ಗೆ. ಒಂದೇ ಸಲ ಚುಚ್ಚಿಸಿಕೊಂಡರೆ ಆಯಿತು. ಆದರೆ ಕೈ ಚಾಚುವ ಮೊದಲು ನೀನು ನೆನಪಿಡಬೇಕಾದ್ದು ಎರಡಿವೆ. ಅಂಗಡಿಯಲ್ಲಿ ಕೇಳಿ ಶಕ್ತಿಗೆ ಅಂತ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡ. ಇಂಜೆಕ್ಷನ್ ಆದ ಮೇಲೆ ಬಿ12 ಅಳೆದರೆ ಅಂಕಿ ಆಕಾಶಕ್ಕೆ ಏರಿರುತ್ತದೆ, ಮೊದಲು ಕೊರತೆ ಇತ್ತೇ ಅನ್ನುವುದು ತಿಳಿಯುವುದೇ ಇಲ್ಲ. ಎರಡನೆಯದು, ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದೆಯಲ್ಲ, ಅದನ್ನು ಡಾಕ್ಟರಿಗೂ ಲ್ಯಾಬಿನವರಿಗೂ ಹೇಳು. ಕೆಲವು ಯಂತ್ರಗಳಲ್ಲಿ ಅದು ಥೈರಾಯ್ಡಿನ ಅಂಕಿಯನ್ನೇ ಕೆಡಿಸುತ್ತದೆ. ಪರೀಕ್ಷೆಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ.

ಬಿ12 ನಮ್ಮ ಮನೆಯವರೆಲ್ಲರೂ ನೋಡಿಸಿಕೊಳ್ಳಬೇಕಾದ್ದು. ಮೀನು, ಮಾಂಸ, ಮೊಟ್ಟೆ ಮುಟ್ಟದ ಮನೆಯಲ್ಲಿ ಅದು ಸಿಗುವುದು ಹಾಲು ಮೊಸರಿನಿಂದ ಮಾತ್ರ. ದೊಡ್ಡ ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಒಂದು ಮೈಕ್ರೋಗ್ರಾಂ ಇರುತ್ತದೆ, ದಿನಕ್ಕೆ ಬೇಕಾದ್ದು ಎರಡಕ್ಕಿಂತ ಮೇಲೆ. ನೀನು ಕುಡಿಯುವ ಡಿಕಾಕ್ಷನ್ನೇ ಜಾಸ್ತಿಯಿರುವ ಕಾಫಿ, ನೀರು ಮಜ್ಜಿಗೆ ಯಾವ ಲೆಕ್ಕ? ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಪಾದ ಜುಮುಜುಮು ಅನ್ನುವುದು, ನಾಲಿಗೆ ಉರಿ, ಮರೆವು, ಮಂಕು ಇವೆಲ್ಲ ಅದರ ಗುರುತು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಎದೆಯುರಿಗೆ ಪ್ಯಾಂಟೊಪ್ರಝೋಲ್ ವರ್ಷಗಟ್ಟಲೆ ನುಂಗಿದವರಲ್ಲಿ ಇನ್ನೂ ಇಳಿಯಬಹುದು. ಇದನ್ನು ನಿನಗಲ್ಲ, ನಿಮ್ಮಮ್ಮನಿಗೆ ಹೇಳುತ್ತಿದ್ದೇನೆ.

ಥೈರಾಯ್ಡ್ ಕಡಿಮೆಯಾದರೆ ಮೈ ಭಾರ, ಚಳಿ ತಡೆಯದಿರುವುದು, ಮಲಬದ್ಧತೆ, ಮುಟ್ಟಿನಲ್ಲಿ ಅತಿಸ್ರಾವ. ಆ ಸ್ರಾವದಿಂದ ಕಬ್ಬಿಣಾಂಶವೂ ಇಳಿಯುತ್ತದೆ. ದೇಶದ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡಿತ್ತು, ಆದ್ದರಿಂದ ನಿಮ್ಮತ್ತೆಯ ಊಹೆಯನ್ನು ತಳ್ಳಿಹಾಕಲಾರೆ. ಬೀಟ್‌ರೂಟಿನಿಂದ ಅದು ತುಂಬುತ್ತದೆ ಅನ್ನುವುದನ್ನು ಮಾತ್ರ ಒಪ್ಪಲಾರೆ.

ನನಗೆ ಯಾವಾಗಲೂ ಕುತೂಹಲ ಹುಟ್ಟಿಸುತ್ತಿದ್ದುದು ಇದು. ಕಬ್ಬಿಣ ಕಡಿಮೆಯಾದರೆ ಕೆಂಪು ಕಣ ಚಿಕ್ಕದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಕೊರತೆ ಇರುವವರ ರಿಪೋರ್ಟಿನಲ್ಲಿ ಎಂಸಿವಿ ಅನ್ನುವ ಕಣದ ಗಾತ್ರದ ಸರಾಸರಿ ಎಷ್ಟೋ ಸಲ ನಾರ್ಮಲ್ ಅಂತಲೇ ಬರುತ್ತದೆ. ಸ್ಲೈಡ್ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಚಿಕ್ಕವೂ ದೊಡ್ಡವೂ ಬೆರೆತು ಕಾಣುತ್ತವೆ. ನಿನ್ನ ವಿಷಯದಲ್ಲೂ ನನಗಿರುವ ಅನುಮಾನ ಇಂಥದ್ದೇ: ದುಃಖ, ಆತಂಕ, ನಿದ್ದೆಗೇಡು, ಬಿ12, ಥೈರಾಯ್ಡು, ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬಹುದು. ಟಿಎಸ್‌ಎಚ್ ಐದೋ ಆರೋ ಬಂದರೆ “ಸಿಕ್ಕಿತು ನೋಡು, ಥೈರಾಯ್ಡಂತೆ” ಅಂತ ಮನೆಯವರೆಲ್ಲ ಸಮಾಧಾನದ ಉಸಿರು ಬಿಡುತ್ತಾರೆ. ಅಷ್ಟು ಸಣ್ಣ ಏರಿಕೆಯೇ ನಿನ್ನ ಎಲ್ಲ ಸಂಕಟಕ್ಕೂ ಕಾರಣ ಅಂತ ಹೇಳಲಾಗದು. ಎಲ್ಲ ನಾರ್ಮಲ್ ಬಂದರೆ “ಹಂಗಾದ್ರೆ ಏನೂ ಇಲ್ಲ” ಅನ್ನುತ್ತಾರೆ. ಅದೂ ತಪ್ಪು. ರಕ್ತದಲ್ಲಿ ಏನೂ ಇಲ್ಲ, ಅಷ್ಟೇ.

ನೀನು ನುಂಗುವ ಮಾತ್ರೆಗಳ ಮೇಲೂ ನನಗೆ ಕಣ್ಣಿದೆ. ಚಾಕ್ ಪುಡಿಗೆ ಸೀನು ಅಂತ ದಿನಾ ರಾತ್ರಿ ಹಾಕಿಕೊಳ್ಳುವ ಅವಿಲ್‌ನಂಥ ಹಳೆಯ ಅಲರ್ಜಿ ಮಾತ್ರೆ ಮರುದಿನವೂ ತಲೆ ಮಂಕು ಮಾಡಬಹುದು. ಸಹೋದ್ಯೋಗಿ ಕೊಟ್ಟ ನಿದ್ದೆ ಮಾತ್ರೆ ಆಲ್‌ಪ್ರಝೋಲಮ್ ಆಗಿದ್ದರೆ ಅದು ನೇರವಾಗಿ ನೆನಪಿಗೇ ಕೈ ಹಾಕುತ್ತದೆ. ತುಂಬಾ ದಿನದಿಂದ ತಗೊಳ್ಳುತ್ತಿದ್ದರೆ ಇದನ್ನು ಓದಿ ಇವತ್ತೇ ನಿಲ್ಲಿಸಿಬಿಡಬೇಡ, ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಡಾಕ್ಟರು ಹೇಳಿದ ಹಾಗೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಗೊರಕೆಯ ವಿಷಯ ನಾಚಿಕೆಪಟ್ಟು ಮುಚ್ಚಿಡಬೇಡ. ಗೊರಕೆಯ ನಡುವೆ ಉಸಿರು ನಿಂತು ನಿಂತು ಹೋಗುವವರಿಗೆ ಎಂಟು ಗಂಟೆ ಮಲಗಿದರೂ ನಿದ್ದೆ ಆಗಿರುವುದಿಲ್ಲ.

ಡಾಕ್ಟರ ಮುಂದೆ ಐದು ನಿಮಿಷ ಸಿಕ್ಕರೆ ಹೆಚ್ಚು. ಅಲ್ಲಿ ನಾವು ಹೆಂಗಸರು ಹೇಳುವುದು “ತಲೆನೋವು ಸಾರ್, ಸುಸ್ತು ಸಾರ್”. ಅವರು ಬರೆಯುವುದು ಟಾನಿಕ್ಕು. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು: ಮರೆವು ಯಾವಾಗಿನಿಂದ, ಬೇಜಾರು ಯಾವಾಗಿನಿಂದ, ಯಾವುದು ಮೊದಲು ಬಂತು, ನಿದ್ದೆ, ಮುಟ್ಟು, ಅಜ್ಜಿಯ ಕಾಯಿಲೆ, ಎಲ್ಲ. ಮನೆಯಲ್ಲಿರುವ ಮಾತ್ರೆ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗು. ಗಂಡನನ್ನೂ ಕರೆದುಕೊಂಡು ಹೋಗು; ನೀನು ಹೇಗಿದ್ದೀಯ ಅನ್ನುವುದನ್ನು ಜೊತೆಗಿರುವವರ ಬಾಯಿಂದ ಕೇಳುವುದು ಡಾಕ್ಟರಿಗೆ ಮುಖ್ಯ. ಎಂಆರ್‌ಐ ಬೇಕೇ ಬೇಡವೇ ಅವರು ನಿರ್ಧರಿಸಲಿ, ನೀನಾಗಿ ಹೋಗಿ ದುಡ್ಡು ಸುರಿಯಬೇಡ. ಆದರೆ ದಿನಾ ನಡೆಯುವ ದಾರಿ ತಪ್ಪಿದರೆ, ಮಾಡಿ ಪಳಗಿದ ಲೆಕ್ಕವೇ ಬಾರದಾದರೆ, ಕೇಳಿದ್ದನ್ನೇ ಕೇಳುತ್ತೀಯ ಅಂತ ಬೇರೆಯವರು ಹೇಳತೊಡಗಿದರೆ ತಡಮಾಡದೆ ನರರೋಗ ತಜ್ಞರನ್ನು ಕಾಣು. ಮಾತು ತೊದಲಿತು, ಒಂದು ಕೈ ಸೋತಿತು, ತಲೆಗೆ ಪೆಟ್ಟು ಬಿದ್ದ ಮೇಲೆ ಗೊಂದಲ ಶುರುವಾಯಿತು ಅಂದರೆ ಅಂದೇ, ಆ ಗಳಿಗೆಯೇ ಆಸ್ಪತ್ರೆ.

ಮನೋವೈದ್ಯರ ಹತ್ತಿರ ಹೋದರೆ ಊರಿನವರು ಏನಂದಾರು ಅಂತ ಕೇಳಿದೆ. ತಿಪಟೂರಿನಲ್ಲಿ ಯಾರಾದರೂ ನೋಡುತ್ತಾರೆ ಅನ್ನುವ ಸಂಕೋಚವಿದ್ದರೆ ರೈಲು ಹತ್ತಿ ಬೆಂಗಳೂರಿಗೆ ಬಾ, ನಿಮ್ಹಾನ್ಸ್ ಇದೆ. ನನ್ನ ಮನೆಯಲ್ಲಿ ಉಳಿದುಕೊ. ಅಷ್ಟು ದೂರ ಬೇಡ ಅಂದರೆ ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸು. ಅಲ್ಲಿಯವರೆಗೆ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. “ನಾನಿದ್ದು ಏನು ಪ್ರಯೋಜನ” ಅಂತ ಫೋನಿನಲ್ಲಿ ಒಂದು ಮಾತು ಅಂದೆ. ಅದನ್ನು ನಾನು ಹಾಗೇ ಬಿಡುವವಳಲ್ಲ. ಆ ಯೋಚನೆ ಮತ್ತೆ ಬಂದರೆ ಎಷ್ಟು ಹೊತ್ತಾದರೂ ಸರಿ, ಮೊದಲು ಪಕ್ಕದಲ್ಲಿರುವ ಗಂಡನನ್ನು ಎಬ್ಬಿಸು, ಆ ನಂಬರಿಗೆ ಫೋನ್ ಮಾಡು, ನನಗೂ ಮಾಡು. ಡಾಕ್ಟರಿಗೂ ಅದನ್ನೇ ಮೊದಲು ಹೇಳಬೇಕು, ಮರೆವಿನ ಮಾತು ಆಮೇಲೆ.

ಚಿಕಿತ್ಸೆ ಶುರುವಾದರೆ ತಾಳ್ಮೆ ಬೇಕಾಗುತ್ತದೆ. ಥೈರಾಯ್ಡ್ ಮಾತ್ರೆ ಕೊಟ್ಟರೆ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು; ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಅದಾಗಿ ನಾಲ್ಕು ಗಂಟೆ ಬಿಟ್ಟು. ಆರೆಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡುತ್ತಾರೆ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು. ಸಾಮಾನ್ಯವಾಗಿ ನಿದ್ದೆ, ಹಸಿವು ಮೊದಲು ಸುಧಾರಿಸುತ್ತವೆ, ಮನಸ್ಸು ಆಮೇಲೆ ಹಗುರಾಗುತ್ತದೆ. ನೆನಪು, ಏಕಾಗ್ರತೆ ಹಲವರಲ್ಲಿ ಎಲ್ಲಕ್ಕಿಂತ ತಡವಾಗಿ ಬರುತ್ತವೆ. ಬೇಜಾರು ಕಳೆದರೂ ಹೆಸರು ಇನ್ನೂ ಮರೆಯುತ್ತೇನಲ್ಲ ಅಂತ ಮಾತ್ರೆ ಎಸೆಯಬೇಡ. ಹುಷಾರಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ ಅಂತ ಡಾಕ್ಟರು ಹೇಳುವುದು ವಾಡಿಕೆ.

ಅಲ್ಲಿಯವರೆಗೆ ಒಂದು ಚಿಕ್ಕ ನೋಟ್‌ಬುಕ್ ಸಾಕು. ಒಂದೇ ಇರಲಿ, ಐದು ಬೇಡ. ಕ್ಲಾಸಿಗೆ ಹಾಜರಿ ಪುಸ್ತಕ ಹೇಗೂ ಒಯ್ಯುತ್ತೀಯ, ಪ್ರತಿ ಸಾಲಿನ ಮಕ್ಕಳ ಹೆಸರನ್ನು ಅದರ ಕೊನೆಯ ಪುಟದಲ್ಲಿ ಬರೆದಿಟ್ಟುಕೋ. ಈ ಟರ್ಮಿಗೆ ಪರೀಕ್ಷೆಯ ಅಂಕಪಟ್ಟಿ ಕೆಲಸ ಬೇರೆಯವರಿಗೆ ಕೊಡಿ ಅಂತ ಹೆಡ್‌ಮಾಸ್ಟರಿಗೆ ಹೇಳು. ಕಾರಣ ಕೇಳಿದರೆ ಹುಷಾರಿಲ್ಲ ಅಂದರೆ ಸಾಕು. ರಕ್ತ ಕೊಡಲು ಶನಿವಾರ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಹೋಗು, ರಿಪೋರ್ಟ್ ಬಂದ ಕೂಡಲೇ ಫೋಟೊ ಕಳಿಸು. ಅಂಕಿಗಳನ್ನು ಗೂಗಲ್ ಮಾಡಬೇಡ.