ಎಣ್ಣೆಯ ಕುಸ್ತಿ: ಸ್ಪರ್ಶದ ಅರ್ಥ ಎಲ್ಲಿಂದ ಬರುತ್ತದೆ?

ಗಡಿಭಾಗದ ಕನ್ನಡಿಗರಿಗೆ ‘ಪೈಲವಾನ’ ಎಂಬ ಪದ ಮನೆಯ ಮಾತಿನಷ್ಟೇ ಪರಿಚಿತ. ಕನ್ನಡ ಮತ್ತು ಮರಾಠಿಗಳ ಈ ಪದಕ್ಕೂ ತುರ್ಕಿ ಭಾಷೆಯ ‘ಪೆಹ್ಲಿವಾನ್’ ಎಂಬುದಕ್ಕೂ ಪಾರಸಿಯ ‘ಪಹಲವಾನ್’ ಒಂದೇ ಮೂಲ. ವೀರ ಎಂಬುದು ಅದರ ಅರ್ಥ. ಪದ ಒಂದೇ ಆದರೂ ತುರ್ಕಿಯ ಪೈಲವಾನ ಮಣ್ಣಿನ ಅಖಾಡಕ್ಕೆ ಇಳಿಯುವುದಿಲ್ಲ. ಮೈತುಂಬ ಆಲಿವ್ ಎಣ್ಣೆ ಸುರಿದುಕೊಂಡು ಹುಲ್ಲಿನ ಬಯಲಲ್ಲಿ ಸೆಣಸುತ್ತಾನೆ.

ಈ ಕುಸ್ತಿಯ ಪ್ರಧಾನ ಉತ್ಸವ ಕಿರ್ಕ್‌ಪಿನಾರ್. ಅದು ಪ್ರತಿವರ್ಷ ಬೇಸಿಗೆಯಲ್ಲಿ, ಒಂದು ಕಾಲಕ್ಕೆ ಉಸ್ಮಾನಿ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಎದಿರ್ನೆ ನಗರದಲ್ಲಿ ನಡೆಯುತ್ತದೆ. ಯುನೆಸ್ಕೊ 2010ರಲ್ಲಿ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪೈಲವಾನರ ಉಡುಪು ‘ಕಿಸ್ಪೆಟ್’ ಎಂಬ ಬಿಗಿಯಾದ ತೊಗಲಿನ ಚಲ್ಲಣ ಮಾತ್ರ. ಎಣ್ಣೆಯಿಂದ ಜಾರುವ ಮೈ ಕೈಗೆ ಸಿಗುವುದಿಲ್ಲ. ಆದ್ದರಿಂದ ಎದುರಾಳಿಯ ಚಲ್ಲಣದೊಳಗೆ ಕೈ ತೂರಿಸಿ ಹಿಡಿಯುವುದೂ ಸಮ್ಮತವಾದ ಪಟ್ಟು. ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿದವನು, ಇಲ್ಲವೆ ಅವನನ್ನು ಎತ್ತಿಕೊಂಡು ಮೂರು ಹೆಜ್ಜೆ ನಡೆದವನು ಗೆಲ್ಲುತ್ತಾನೆ.

ಈ ದೃಶ್ಯದ ಚಿತ್ರವನ್ನು ಮೊದಲ ಬಾರಿಗೆ ಕಂಡ ಹೊರಗಿನವರು ನಗುವುದುಂಟು, ಕಾಮದ ಸೂಚನೆಯನ್ನು ಕಾಣುವುದೂ ಉಂಟು. ಅಖಾಡದ ಸುತ್ತ ಕುಳಿತ ತುರ್ಕಿಯ ಕುಟುಂಬಗಳು ಅದೇ ದೃಶ್ಯದಲ್ಲಿ ಶೌರ್ಯವನ್ನೂ ಮರ್ಯಾದೆಯನ್ನೂ ಕಾಣುತ್ತವೆ. ಹಾಗೆ ಕಾಣುವಂತೆ ಮಾಡುವುದು ಅಲ್ಲಿನ ವಿಧಿ. ಪಂದ್ಯಕ್ಕೆ ಮುನ್ನ ಎದುರಾಳಿಗಳು ಒಬ್ಬರಿಗೊಬ್ಬರು ಎಣ್ಣೆ ಹಚ್ಚುತ್ತಾರೆ. ಅದು ಗೌರವದ ಗುರುತು. ‘ಜಜ್‌ಗರ್’ ಎಂಬ ಉದ್ಘೋಷಕ ಪ್ರಾರ್ಥನೆ, ಪದ್ಯಗಳೊಡನೆ ಅವರನ್ನು ಜನರಿಗೆ ಪರಿಚಯಿಸುತ್ತಾನೆ. ಡೋಲು ಮತ್ತು ಜುರ್ನಾಗಳ ನಾದಕ್ಕೆ ಪೈಲವಾನರು ಲಯಬದ್ಧವಾಗಿ ಹೆಜ್ಜೆ ಹಾಕುತ್ತಾರೆ. ಹಿರಿಯನನ್ನು ಸೋಲಿಸಿದ ಕಿರಿಯನು ಆತನ ಕೈಗೆ ಮುತ್ತಿಡುತ್ತಾನೆ. ಅಖಾಡದ ಹೊರಗೂ ಗಂಡಸರು ಭೇಟಿಯಾದಾಗ ಕೆನ್ನೆಗೆ ಕೆನ್ನೆ ತಾಗಿಸಿ ವಂದಿಸುವುದು, ಮದುವೆಗಳಲ್ಲಿ ತೋಳು ಬೆಸೆದು ಕುಣಿಯುವುದು ಅಲ್ಲಿ ರೂಢಿಯ ಮಾತು.

ಆದರೆ ಇದನ್ನು ಕಂಡು ಆ ಸಮಾಜ ಗಂಡಸರ ಎಲ್ಲ ಬಗೆಯ ಸಾಮೀಪ್ಯವನ್ನೂ ಒಪ್ಪುತ್ತದೆಂದು ತೀರ್ಮಾನಿಸಿದರೆ ಓದು ಮತ್ತೆ ತಪ್ಪುತ್ತದೆ. ಅದೇ ದೇಶದ ಇಸ್ತಾಂಬುಲ್ ನಗರದಲ್ಲಿ ಸಲಿಂಗಪ್ರೇಮಿಗಳ ಹೆಮ್ಮೆಯ ಮೆರವಣಿಗೆಗೆ 2015ರಿಂದ ಅಧಿಕಾರಿಗಳು ಅನುಮತಿ ನಿರಾಕರಿಸುತ್ತ ಬಂದಿದ್ದಾರೆ. ಬಯಲಲ್ಲಿ ಸಾವಿರಾರು ಜನರೆದುರು ತಬ್ಬಿ ಹಿಡಿದ ಇಬ್ಬರಿಗೆ ಚಪ್ಪಾಳೆ ದೊರೆಯುತ್ತದೆ. ಬೀದಿಯಲ್ಲಿ ಕೈಹಿಡಿದು ಪ್ರೇಮವನ್ನು ಸಾರುವ ಇಬ್ಬರಿಗೆ ತಡೆ ಎದುರಾಗುತ್ತದೆ. ವಿಧಿಯು ಸ್ಪರ್ಶಕ್ಕೆ ರಕ್ಷಣೆ ಕೊಡುವಂತೆ ಅದಕ್ಕೆ ಎಲ್ಲೆಯನ್ನೂ ಹಾಕುತ್ತದೆ.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಪಾಠವಿದೆ. ಪದದ ಅರ್ಥ ವಾಕ್ಯದಲ್ಲಿ ನಿರ್ಧಾರವಾಗುವಂತೆ ಸ್ಪರ್ಶದ ಅರ್ಥ ಸಂದರ್ಭದಲ್ಲಿ ನಿರ್ಧಾರವಾಗುತ್ತದೆ. ಕುಸ್ತಿಮನೆಗೆ ಮರಾಠಿಯಲ್ಲಿ ‘ತಾಲೀಮ’ ಎನ್ನುತ್ತಾರೆ. ಕನ್ನಡದಲ್ಲಿ ‘ತಾಲೀಮು’ ಎಂದರೆ ಅಭ್ಯಾಸ. ಎರಡಕ್ಕೂ ಮೂಲವಾದ ಅರಬ್ಬೀ ಪದದ ಅರ್ಥ ಶಿಕ್ಷಣ. ಪೈಲವಾನನಿಗೆ ಪಟ್ಟುಗಳ ಶಿಕ್ಷಣ ಬೇಕಾದಂತೆ ನೋಡುವವನ ಕಣ್ಣಿಗೂ ಶಿಕ್ಷಣ ಬೇಕು.

ಅಭ್ಯಾಸ: ಗಂಡಸರ ಸ್ನೇಹವನ್ನು ಚಿತ್ರಿಸುವ ಒಂದು ಕನ್ನಡ ಕೃತಿಯನ್ನು ಆರಿಸಿಕೊಳ್ಳಿ. ಅದರಲ್ಲಿ ಆಲಿಂಗನ, ಹಸ್ತಸ್ಪರ್ಶಗಳು ಯಾವ ಸಂದರ್ಭಗಳಲ್ಲಿ ಬರುತ್ತವೆ, ಯಾವ ಸಂದರ್ಭಗಳಲ್ಲಿ ಬರುವುದಿಲ್ಲ ಎಂಬುದನ್ನು ಗುರುತಿಸಿ, ಕಾರಣಗಳನ್ನು ವಿವೇಚಿಸಿರಿ.