ಸ್ಪೋರ್ಟ್ಸ್ ಕಾರಿಗೆ ಎಥೆನಾಲ್: ಕಿಟ್ ಕೊಳ್ಳುವ ಮುನ್ನ ಲೆಕ್ಕ ಹಾಕಿ

ಸ್ವೀಡನ್ನಿನ ಕೋನಿಗ್‌ಸೆಗ್ ಕಂಪನಿಯ ಸಿಸಿಎಕ್ಸ್ ಕಾರು ಪೆಟ್ರೋಲಿನಲ್ಲಿ 806 ಅಶ್ವಶಕ್ತಿ ಕೊಡುತ್ತಿತ್ತು. 2007ರಲ್ಲಿ ಅದೇ ಕಂಪನಿ ತಂದ ಸಿಸಿಎಕ್ಸ್‌ಆರ್, ಹೆಸರಿಗೆ ಶೇ 85 ಎಥೆನಾಲ್ ಇರುವ ಇ85 ಇಂಧನದಲ್ಲಿ 1018 ಅಶ್ವಶಕ್ತಿ ಮುಟ್ಟಿತು. ತಮ್ಮ ಕಾರನ್ನೂ ಎಥೆನಾಲ್‌ಗೆ ಬದಲಿಸೋಣ ಎಂದು ಹೊರಡುವವರ ಕಣ್ಣಿಗೆ ಬೀಳುವುದು ಇಂಥ ಅಂಕಿಗಳೇ. ಆದರೆ ಟ್ಯಾಂಕಿಗೆ ಬೇರೆ ಇಂಧನ ಸುರಿದ ಮಾತ್ರಕ್ಕೆ ಆ ಶಕ್ತಿ ಬರಲಿಲ್ಲ. ಇಂಜೆಕ್ಟರ್, ಇಂಧನ ಕೊಳವೆಯಿಂದ ಹಿಡಿದು ಸೂಪರ್‌ಚಾರ್ಜರ್‌ನ ಒತ್ತಡದವರೆಗೆ ಎಲ್ಲವನ್ನೂ ಕಂಪನಿ ಅದಕ್ಕೆಂದೇ ಹೊಂದಿಸಿತ್ತು.

ಇ85 ಬಂಕ್‌ನಲ್ಲೇ ಸಿಗುವ ದೇಶಗಳಲ್ಲಿ ಅಮೆರಿಕವೂ ಒಂದು. ಅಲ್ಲಿ ನೆಲೆಸಿ, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಊರಲ್ಲಿರುವವರಿಗೆ ಕಾನೂನಿನ ಭಾಗದಲ್ಲಿ ಎರಡು ಮಾತಿದೆ.

ಮೊದಲು ಬಂಕ್ ನೋಡಿ

ಅಮೆರಿಕದಲ್ಲಿ ಇ85 ಮಾರುವ ಬಂಕ್‌ಗಳು 4 ಸಾವಿರಕ್ಕೂ ಹೆಚ್ಚಿವೆ. ಹೆಚ್ಚಿನವು ಮಿನ್ನೆಸೋಟ, ಅಯೋವ, ಇಲಿನಾಯ್‌ನಂಥ ಮೆಕ್ಕೆಜೋಳ ಬೆಳೆಯುವ ರಾಜ್ಯಗಳ ಸುತ್ತ. ನೀವು ದಿನವೂ ಓಡಾಡುವ ದಾರಿಯಲ್ಲಿ ಒಂದೂ ಇಲ್ಲದಿದ್ದರೆ ಈ ಯೋಚನೆಯನ್ನು ಅಲ್ಲಿಗೇ ಬಿಡಿ.

ಎಂಜಿನ್‌ಗೆ ಟರ್ಬೊ ಇದೆಯೇ?

ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿಕೊಳ್ಳುತ್ತದೆ. ಸಿಲಿಂಡರ್ ಒಳಗಿನ ಗಾಳಿ ತಣ್ಣಗಾಗಿ, ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಳ್ಳುವ ನಾಕಿಂಗ್ ಹಿಂದೆ ಸರಿಯುತ್ತದೆ. ಸುಬಾರು ಡಬ್ಲ್ಯೂಆರ್‌ಎಕ್ಸ್ ಎಸ್‌ಟಿಐನಂಥ ಟರ್ಬೊ ಕಾರಿಗೆ ಇದು ನಿಜವಾದ ಲಾಭ. ನಾಕಿಂಗ್ ಭಯದಿಂದ ತಡೆದಿಟ್ಟ ಬೂಸ್ಟ್ ಮತ್ತು ಇಗ್ನಿಷನ್ ಟೈಮಿಂಗನ್ನು ಟ್ಯೂನರ್ ಧೈರ್ಯವಾಗಿ ಮುಂದೊತ್ತಬಹುದು. ಟರ್ಬೊ ಇಲ್ಲದ ಮಾಜ್ದಾ ಎಂಎಕ್ಸ್-5ನಂಥ ಕಾರಿನಲ್ಲಿ ಸಿಗುವ ಶಕ್ತಿ ಅಲ್ಪ, ಖರ್ಚು ಹೆಚ್ಚುಕಡಿಮೆ ಅಷ್ಟೇ. ಅಂಥ ಕಾರಿಗೆ ಇದು ಬೇಡ ಎಂದೇ ನನ್ನ ಸಲಹೆ. ಆ ಹಣವನ್ನು ಒಳ್ಳೆಯ ಟೈರು, ಬ್ರೇಕಿಗೆ ಹಾಕಿ.

ಇಂಧನ ಸಾಲುತ್ತದೆಯೇ?

ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು. ಇ85ಗೆ ಸುಮಾರು 9.8 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಮೂರನೇ ಒಂದು ಪಾಲಿಗೂ ಹೆಚ್ಚು ಇಂಧನ ಸುರಿಯಬೇಕು. ನಿಮ್ಮ ಇಂಜೆಕ್ಟರ್ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲಿನಲ್ಲಿ ಶೇ 65ರಷ್ಟು ಹೊತ್ತು ತೆರೆದಿರುತ್ತದೆ ಎಂದುಕೊಳ್ಳಿ. ಅದಕ್ಕೆ ಅದರದೇ ಶೇ 35ರಷ್ಟು ಸೇರಿಸಿದರೂ ಅದು ಸುಮಾರು ಶೇ 88 ಆಯಿತು. ಶೇ 85 ದಾಟದಂತೆ ನೋಡಿಕೊಳ್ಳುವುದು ಟ್ಯೂನರ್‌ಗಳ ರೂಢಿ. ದಾಟಿದರೆ ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ ಪಿಸ್ಟನ್ನಿಗೇ ಕುತ್ತು. ಆದ್ದರಿಂದ ದೊಡ್ಡ ಇಂಜೆಕ್ಟರ್, ಜೋರಾದ ಫ್ಯೂಯಲ್ ಪಂಪ್, ಎಥೆನಾಲ್ ತಾಳುವ ಕೊಳವೆ, ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲಿನ ಟ್ಯೂನಿಂಗ್ ನಾಲ್ಕನ್ನೂ ಒಟ್ಟಿಗೆ ಸೇರಿಸಿ ಕೊಟೇಶನ್ ಕೇಳಿ. ಎಥೆನಾಲ್‌ಗೆ ಬದಲಿಸುವ ಬರೀ ಕಿಟ್ಟಿನ ಬೆಲೆ ನೋಡಿ ತೀರ್ಮಾನಿಸಬೇಡಿ.

ಬಂಕ್‌ನ 85 ಎಂದರೆ 85 ಅಲ್ಲ

ಅಮೆರಿಕದಲ್ಲಿ ಇ85 ಹೆಸರಿನಲ್ಲಿ ಮಾರುವ ಇಂಧನದಲ್ಲಿ ಎಥೆನಾಲ್ ಶೇ 51ರಿಂದ 83ರವರೆಗೆ ಇರಬಹುದು. ಚಳಿಯಲ್ಲಿ ಎಥೆನಾಲ್ ಸುಲಭಕ್ಕೆ ಆವಿಯಾಗದೆ ಕಾರು ಸ್ಟಾರ್ಟ್ ಆಗುವುದಿಲ್ಲ; ಅದಕ್ಕೆ ಚಳಿಗಾಲದಲ್ಲಿ ಪೆಟ್ರೋಲ್ ಅಂಶ ಹೆಚ್ಚಿಸುತ್ತಾರೆ. ಬೇಸಿಗೆಯಲ್ಲಿ ಮಾಡಿಸಿದ ಟ್ಯೂನ್ ಜನವರಿಯಲ್ಲಿ ಹೊಂದುವುದಿಲ್ಲ.

ನೀವೇ ಪರೀಕ್ಷಿಸಬಹುದು. ಅಳತೆಯ ಗೆರೆಗಳಿರುವ ಗಾಜಿನ ಕೊಳವೆಗೆ 50 ಮಿ.ಲೀ. ನೀರು, 50 ಮಿ.ಲೀ. ಇಂಧನ ಹಾಕಿ, ಮುಚ್ಚಿ ಅಲುಗಾಡಿಸಿ, ಹತ್ತು ನಿಮಿಷ ಬಿಡಿ. ಬೆಂಕಿಯಿಂದ ದೂರ, ಬಯಲಿನಲ್ಲಿ ಮಾಡಿ. ಎಥೆನಾಲ್ ನೀರಿಗೆ ಸೇರಿ ಕೆಳಗಿಳಿಯುತ್ತದೆ, ಪೆಟ್ರೋಲ್ ಮೇಲೆ ತೇಲುತ್ತದೆ. ಕೆಳಗಿನ ಪದರ 50ರಿಂದ 75ಕ್ಕೆ ಏರಿದರೆ ಎಥೆನಾಲ್ ಸುಮಾರು ಅರ್ಧ. 90ರ ಹತ್ತಿರ ಹೋದರೆ ಶೇ 80 ಅಥವಾ ಅದಕ್ಕೂ ಹೆಚ್ಚು. ನೀರು, ಎಥೆನಾಲ್ ಬೆರೆತಾಗ ಒಟ್ಟು ಪ್ರಮಾಣ ತುಸು ಕುಗ್ಗುವುದರಿಂದ ಇದು ಅಂದಾಜು ಮಾತ್ರ.

ನನ್ನ ಆಯ್ಕೆ ಫ್ಲೆಕ್ಸ್ ಫ್ಯೂಯಲ್ ಸೆನ್ಸರ್. ಇಂಧನದ ದಾರಿಯಲ್ಲೇ ಕೂತು ಎಥೆನಾಲ್ ಪ್ರಮಾಣವನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುತ್ತದೆ: 50 ಹರ್ಟ್ಸ್ ಎಂದರೆ ಶೂನ್ಯ, 150 ಎಂದರೆ ಶೇ 100. ಇಸಿಯು ಅದಕ್ಕೆ ತಕ್ಕಂತೆ ಇಂಧನ, ಟೈಮಿಂಗ್ ಬದಲಿಸುತ್ತದೆ. ದೂರ ಪ್ರಯಾಣದಲ್ಲಿ ಇ85 ಸಿಗದಿದ್ದರೆ ಪ್ರೀಮಿಯಂ ಪೆಟ್ರೋಲ್ ತುಂಬಿ ನಿಶ್ಚಿಂತೆಯಿಂದ ಮನೆ ಸೇರಬಹುದು. ಇದಿಲ್ಲದೆ ಬರೀ ಇ85ಗೆಂದೇ ಟ್ಯೂನ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ.

ಹಣದ ಲೆಕ್ಕ

ಮೈಲೇಜ್ ಕಾಲು ಭಾಗ ಇಳಿಯುತ್ತದೆಂದೇ ಹಿಡಿಯಿರಿ. ನೀವು ಹಾಕಿಸುವ ಪೆಟ್ರೋಲ್ ಗ್ಯಾಲನ್ನಿಗೆ 4 ಡಾಲರ್ ಇದ್ದಾಗ, ಇ85 ಬೆಲೆ 3 ಡಾಲರಿಗಿಂತ ಅಗ್ಗವಿದ್ದರೆ ಮಾತ್ರ ಉಳಿತಾಯ. ಬದಲಾವಣೆಗೆ ಸುರಿದ ಹಣ ಹಾಗೆ ವಾಪಸು ಬರುವುದು ಕಷ್ಟ. ಶಕ್ತಿಗಾಗಿ ಮಾಡಿಸುವುದಾದರೆ ಮಾಡಿಸಿ, ಉಳಿತಾಯಕ್ಕಾಗಿ ಬೇಡ.

ಕಾನೂನು

ರಸ್ತೆಯಲ್ಲಿ ಓಡುವ ಕಾರಿನ ಹೊಗೆ ನಿಯಂತ್ರಣವನ್ನು ಕೆಡಿಸುವ ಬದಲಾವಣೆ ಅಮೆರಿಕದ ಶುದ್ಧ ವಾಯು ಕಾಯ್ದೆಗೆ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ ಕಿಟ್ಟಿಗೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಬೇಕು. ಮಾರುವವರಿಂದ ಆ ಪತ್ರ ಕೇಳಿ ಪಡೆಯಿರಿ. ವಾರಂಟಿ ಬಾಕಿಯಿದ್ದರೆ ಅದು ಮುಗಿಯುವವರೆಗೆ ಕಾಯಿರಿ.

ಕರ್ನಾಟಕದಲ್ಲಿ ಆರ್.ಸಿ.ಯಲ್ಲಿ ಇಂಧನದ ವಿಧವೂ ನಮೂದಾಗಿರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಅದಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 183 ಇಂಡಿಯನ್ ಆಯಿಲ್ ಬಂಕ್‌ಗಳಿಗೆ ಎಥೆನಾಲ್ 100 ಬಂತು. ಅದು ಫ್ಲೆಕ್ಸ್ ಫ್ಯೂಯಲ್ ವಾಹನಗಳಿಗೆಂದೇ ಇರುವುದು. ಸಾಮಾನ್ಯ ಪೆಟ್ರೋಲ್ ಕಾರಿಗೆ ಹಾಕಿಸಬೇಡಿ.

ಮಾಡಿಸಿದ ಮೇಲೆ

ಎಥೆನಾಲ್ ಹಳೆಯ ಟ್ಯಾಂಕಿನ ಕೊಳೆಯನ್ನು ಕಿತ್ತು ತರುತ್ತದೆ. ಮೊದಲ ಕೆಲವು ಟ್ಯಾಂಕ್ ಮುಗಿದೊಡನೆ ಫ್ಯೂಯಲ್ ಫಿಲ್ಟರ್ ಬದಲಿಸಿ. ಎಂಜಿನ್ ಆಯಿಲನ್ನು ಮೊದಲಿಗಿಂತ ಬೇಗ ಬದಲಿಸಿ. ಚಳಿಗಾಲವಿಡೀ ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸುವವರಾದರೆ, ಇ85 ಗಾಳಿಯ ತೇವ ಹೀರುವುದರಿಂದ, ಅದನ್ನು ಓಡಿಸಿ ಖಾಲಿ ಮಾಡಿ, ಪೆಟ್ರೋಲ್ ತುಂಬಿ, ಅದು ಇಂಜೆಕ್ಟರ್‌ವರೆಗೆ ತಲುಪುವಷ್ಟು ದೂರ ಓಡಿಸಿದ ಮೇಲೆಯೇ ನಿಲ್ಲಿಸಿ.